ಪ್ರಯೋಗಾಲಯ ಯಾರ ಸೊತ್ತು?



ನಮ್ಮ ಸಭೆಗಳಲ್ಲಿ ಉನ್ನತ ಶಿಕ್ಷಣದ ಮಾತು ಬಂದಾಗಲೆಲ್ಲ ಸೀಟು ಮತ್ತು ವಿದ್ಯಾರ್ಥಿವೇತನಗಳ ಚರ್ಚೆ ನಡೆಯುತ್ತದೆ. ಅದು ಅಗತ್ಯವೇ. ಆದರೆ ಸೀಟು ದೊರೆತ ಬಳಿಕ ನಮ್ಮ ಮಗಳು ಕಾಲಿಡುವ ಕಾಲೇಜಿನಲ್ಲಿ ಏನಿದೆ? ಸೂಕ್ಷ್ಮದರ್ಶಕ ಸುಸ್ಥಿತಿಯಲ್ಲಿದೆಯೇ? ರಾಸಾಯನಿಕಗಳ ದಾಸ್ತಾನು ಇದೆಯೇ? ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದಿದೆಯೇ? ಈ ಪ್ರಶ್ನೆಗಳನ್ನು ನಾವು ಕೇಳುವುದು ವಿರಳ.

ಉಳ್ಳವರ ಮಕ್ಕಳು ಕಾಲೇಜಿನಲ್ಲಿ ಇಲ್ಲದ್ದನ್ನು ಹಣ ಕೊಟ್ಟು ಹೊರಗೆ ಪಡೆಯಬಲ್ಲರು. ಮನೆತನದಲ್ಲೇ ಮೊದಲ ಬಾರಿಗೆ ಪದವಿಯ ಮೆಟ್ಟಿಲೇರಿದ ವಿದ್ಯಾರ್ಥಿಗೆ ಸರಕಾರಿ ಕಾಲೇಜಿನ ಪ್ರಯೋಗಾಲಯವೇ ಏಕೈಕ ಪ್ರಯೋಗಾಲಯ. 2006ರಲ್ಲಿ ವರದಿ ಸಲ್ಲಿಸಿದ ಸಾಚಾರ್ ಸಮಿತಿಯು, 20 ವರ್ಷ ಮೇಲ್ಪಟ್ಟ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ, ಇಡೀ ದೇಶದಲ್ಲಿ ಆ ಪ್ರಮಾಣ ಸುಮಾರು ಶೇ. 7 ಎಂದು ದಾಖಲಿಸಿತು. ಇಷ್ಟು ಹಿಂದುಳಿದ ಸಮುದಾಯಕ್ಕೆ ಸಾರ್ವಜನಿಕ ಸಂಸ್ಥೆ ಸೊರಗುವುದೆಂದರೆ ಇದ್ದ ಒಂದು ಬಾಗಿಲೂ ಮುಚ್ಚಿದಂತೆ.

ವಿದ್ಯೆಗೆ ಬೇಕಾದ ಸಲಕರಣೆಗಳನ್ನು ಸಾರ್ವಜನಿಕ ನಿಧಿಯಿಂದ ಒದಗಿಸಬೇಕೆಂಬ ವಿಚಾರ ಹೊಸತಲ್ಲ. 1259ರಲ್ಲಿ ಮರಾಗಾದಲ್ಲಿ ನಸೀರುದ್ದೀನ್ ತೂಸಿಯವರ ನೇತೃತ್ವದಲ್ಲಿ ಆರಂಭವಾದ ಖಗೋಳ ವೀಕ್ಷಣಾಲಯಕ್ಕೆ ವಕ್ಫ್‌ನ ಆದಾಯವನ್ನು ಗೊತ್ತುಪಡಿಸಲಾಗಿತ್ತು. ನಮ್ಮ ನಾಡಿನಲ್ಲೇ, 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಟಾಟಾ ಅವರ ದಾನದ ಜೊತೆಗೆ ಮೈಸೂರು ಸಂಸ್ಥಾನವು 371 ಎಕರೆ ಭೂಮಿ ನೀಡಿತು. ಸ್ವತಂತ್ರ ಭಾರತದ ಪ್ರಥಮ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಝಾದರ ಕಾಲದಲ್ಲೇ, 1953ರಲ್ಲಿ, ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಅಸ್ತಿತ್ವಕ್ಕೆ ಬಂತು. ಅದರ ಹೆಸರಿನಲ್ಲಿರುವುದು 'ಅನುದಾನ' ಎಂಬ ಪದ. 'ಸಾಲ' ಎಂಬ ಪದವಲ್ಲ.

ಇಂದು ಆ ವ್ಯತ್ಯಾಸವೇ ಮಸುಕಾಗುತ್ತಿದೆ. 2017ರಲ್ಲಿ ಕೇಂದ್ರ ಸರಕಾರವು ಕೆನರಾ ಬ್ಯಾಂಕಿನ ಸಹಭಾಗಿತ್ವದಲ್ಲಿ ಉನ್ನತ ಶಿಕ್ಷಣ ಹಣಕಾಸು ಸಂಸ್ಥೆಯನ್ನು ಸ್ಥಾಪಿಸಿತು. ಕಟ್ಟಡ, ಪ್ರಯೋಗಾಲಯಗಳಿಗೆ ಅದು ಕೊಡುವುದು ಸಾಲ. ಹೊಸ ಸಂಸ್ಥೆಗಳ ಸಾಲವನ್ನು ಸರಕಾರ ಭರಿಸುತ್ತದೆ, ನಿಜ. ಆದರೆ 2018ರ ನಿಯಮದಂತೆ ಹತ್ತು ವರ್ಷಕ್ಕಿಂತ ಹಳೆಯ ತಾಂತ್ರಿಕ ಸಂಸ್ಥೆಗಳು ಪೂರ್ತಿ ಅಸಲನ್ನು ತಮ್ಮದೇ ಆದಾಯದಿಂದ ತೀರಿಸಬೇಕು. ವಿದ್ಯಾಸಂಸ್ಥೆಯ ಆದಾಯದ ಮುಖ್ಯ ಮೂಲಗಳಲ್ಲಿ ವಿದ್ಯಾರ್ಥಿಯ ಶುಲ್ಕವೂ ಒಂದಲ್ಲವೇ?

ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು 1966ರಲ್ಲಿ ಕೊಠಾರಿ ಆಯೋಗ ಹೇಳಿತು. 1968, 1986 ಮತ್ತು 2020ರ ಶಿಕ್ಷಣ ನೀತಿಗಳು ಅದೇ ಗುರಿಯನ್ನು ಪುನರುಚ್ಚರಿಸಿದವು. ಪಕ್ಷಗಳು ಬದಲಾದವು, ಗುರಿ ಮಾತ್ರ ಕಾಗದದಲ್ಲೇ ಉಳಿಯಿತು.

ಕರ್ನಾಟಕದ ಕಥೆಯೂ ಭಿನ್ನವಲ್ಲ. ಹಿಂದಿನ ಸರಕಾರವು 2023ರಲ್ಲಿ ಕೊಡಗು, ಹಾವೇರಿ, ಕೊಪ್ಪಳ ಮೊದಲಾದೆಡೆ ಹೊಸ ವಿಶ್ವವಿದ್ಯಾನಿಲಯಗಳನ್ನು ಉದ್ಘಾಟಿಸಿತು. ಅವುಗಳಿಗೆ ತಕ್ಕಷ್ಟು ಭೂಮಿ, ಹಣ, ಸಿಬ್ಬಂದಿ ದೊರೆಯಲಿಲ್ಲ. 2025ರಲ್ಲಿ ನಂತರದ ಸರಕಾರದ ಸಚಿವ ಸಂಪುಟ ಉಪಸಮಿತಿಯು ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತಾಡಿತು. ಹಣವಿಲ್ಲದೆ ತೆರೆದುದು ಒಂದು ಅನ್ಯಾಯವಾದರೆ, ಹಣ ಕೊಡುವ ಬದಲು ಮುಚ್ಚಲು ಹೊರಟದ್ದು ಇನ್ನೊಂದು ಅನ್ಯಾಯ. ನಾಮಫಲಕಕ್ಕೆ ಮಾಲೆ ಹಾಕಲು ಬರುವವರು ಅನೇಕರು. ಕೆಟ್ಟ ಉಪಕರಣದ ದುರಸ್ತಿಗೆ ಹಣ ಕೇಳುವವರಾರು? ದುರಸ್ತಿಗೆ ಶಂಕುಸ್ಥಾಪನೆ ಇರುವುದಿಲ್ಲವಲ್ಲ!

ಸಹೋದರರೇ, ಇದು ಯಾರ ಔದಾರ್ಯವೂ ಅಲ್ಲ. ಸೋಪು ಕೊಳ್ಳುವ ಕೂಲಿಕಾರನೂ ತೆರಿಗೆ ಕಟ್ಟುತ್ತಾನೆ. ಆ ಪ್ರಯೋಗಾಲಯ ಅವನ ಸೊತ್ತು. ಹಾಗಾದರೆ ಲೆಕ್ಕ ಕೇಳುವುದೂ ಅವನ ಹಕ್ಕು. ನಿಮ್ಮ ಊರಿನ ಸರಕಾರಿ ಕಾಲೇಜಿಗೆ ಕಳೆದ ಮೂರು ವರ್ಷಗಳಲ್ಲಿ ಉಪಕರಣ, ಪುಸ್ತಕಗಳಿಗೆಂದು ಬಂದ ಹಣವೆಷ್ಟು, ವೆಚ್ಚವಾದುದೆಷ್ಟು, ದುರಸ್ತಿಗೆ ಕಾದಿರುವ ಯಂತ್ರಗಳೆಷ್ಟು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯನ್ವಯ ಅರ್ಜಿ ಹಾಕಿರಿ. ಉತ್ತರವನ್ನು ಶಾಸಕರ ಮುಂದಿಡಿರಿ. ಜಮಾಅತ್ ಸಮಿತಿಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ. ಆದರೆ ಒಂಟಿಯಾಗಿ ಅಲ್ಲ. ಅದೇ ಬೆಂಚಿನಲ್ಲಿ ಕುಳಿತು ಓದುವ ದಲಿತ, ಹಿಂದುಳಿದ ವರ್ಗಗಳ ಮಕ್ಕಳ ಹೆತ್ತವರನ್ನೂ ಜೊತೆಗೂಡಿಸಿಕೊಳ್ಳಲಿ. ನಮ್ಮ ದಾನಿಗಳು ಕಾಲೇಜಿಗೆ ಪುಸ್ತಕ ಕೊಡುವುದು ಪುಣ್ಯಕಾರ್ಯ. ಆದರೆ ಅದು ಸರಕಾರದ ಹೊಣೆಗಾರಿಕೆಗೆ ಬದಲಿಯಾಗದು.

ದಿವ್ಯವಾಣಿಯ ಪ್ರಥಮ ಆದೇಶವೇ ಓದಿಗೆ ಸಂಬಂಧಿಸಿದ್ದು. ಓದಲು ಬೇಕಾದ ಸಾಧನಗಳಿಗಾಗಿ ಧ್ವನಿಯೆತ್ತುವುದೂ ಆ ಆದೇಶದ ಪಾಲನೆಯೇ ಎಂದು ನಾನು ಭಾವಿಸುತ್ತೇನೆ. ಅಲ್ಲಾಹನು ನಮಗೆ ಅದರ ಸೌಭಾಗ್ಯವನ್ನು ಕರುಣಿಸಲಿ. ಆಮೀನ್.