ಪತ್ರೆಯ ವನವೂ ಪ್ರಾಣಿದಯೆಯೂ

(ಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಈ ಮಂಗಲಪ್ರಸಂಗದಲ್ಲಿ ಗಿಡಮರಗಳನ್ನು ಕುರಿತು ಎರಡು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಯಿತು. ಸಸ್ಯಶಾಸ್ತ್ರವನ್ನು ಕಲಿತು ಕಲಿಸುವುದರಲ್ಲಿಯೇ ಬಾಳನ್ನು ಸವೆಸಿದ ನಾನು ಧರ್ಮದ ಸೂಕ್ಷ್ಮಗಳನ್ನು ಬಲ್ಲವನಲ್ಲ. ಆದುದರಿಂದ ತಾವು ಬಲ್ಲ ಬಿಲ್ವ, ಎಕ್ಕ, ತುಂಬೆ ಎಂಬ ಮೂರು ಗಿಡಗಳನ್ನೇ ಆರಿಸಿಕೊಂಡಿದ್ದೇನೆ. ಇವು ಪೂಜೆಗೆ ಸಲ್ಲುವುವೆಂಬುದು ತಮಗೆಲ್ಲ ವಿದಿತವಾದುದೇ ಸರಿ. ಇವು ಪೂಜೆಗೆ ಸಲ್ಲುವುದಲ್ಲದೆ ಯಾವ ಯಾವ ಜೀವಗಳಿಗೆ ಮನೆಯಾಗಿವೆ ಎಂಬುದೇ ಇಂದಿನ ವಿಷಯವು.

ಮೊದಲು ನನ್ನದೊಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳುತ್ತೇನೆ. ನನ್ನ ಮನೆಯ ಹಿತ್ತಲಲ್ಲಿ ಒಂದು ಬಿಲ್ವದ ಸಸಿಯನ್ನು ಬೆಳೆಸಿದೆನು. ಮಳೆಗಾಲದಲ್ಲಿ ಅದರ ಚಿಗುರನ್ನೆಲ್ಲ ಹುಳುಗಳು ತಿನ್ನತೊಡಗಿದುವು. ಮೂರು ದಳವೂ ಅಖಂಡವಾಗಿರುವ ಪತ್ರೆಯು ಸಿಕ್ಕದೆ ಹೋದುದರಿಂದ ಅಂಗಡಿಯಿಂದ ವಿಷವನ್ನು ತಂದು ಸಿಂಪಡಿಸಿದೆನು. ಮರುದಿನ ಹುಳುಗಳೆಲ್ಲ ಸತ್ತು ಬುಡದಲ್ಲಿ ಬಿದ್ದಿದ್ದುವು. ಕೆಲವು ದಿನಗಳ ಮೇಲೆ ಅಖಂಡ ಪತ್ರೆಯನ್ನೇನೋ ಕೊಯ್ದೆನು. ಆದರೆ ಅದನ್ನು ಅರ್ಪಿಸಲು ಕೈ ಏಳಲಿಲ್ಲ. ನಾನು ಪಾಠದಲ್ಲಿ ವರ್ಣಿಸುತ್ತಿದ್ದ ಜೀವವನ್ನೇ ಪೂಜೆಯ ನೆಪದಿಂದ ಕೊಂದಿದ್ದೆನಷ್ಟೆ!

ಆ ಹುಳುವು ಯಾವುದೆಂದರೆ, ನಿಂಬೆ ಚಿಟ್ಟೆಯ ಮರಿ. ಬಿಲ್ವವು ನಿಂಬೆ, ಮಾದಲಗಳ ಕುಲಕ್ಕೇ ಸೇರಿದ ಮರ. ಎಲೆಯನ್ನು ಹಿಚುಕಿ ಮೂಸಿದರೆ ಈ ನಂಟು ತಿಳಿಯುವುದು. ತಾಯಿಚಿಟ್ಟೆಯು ಕಾಲಿನಿಂದ ಎಲೆಯನ್ನು ಮುಟ್ಟಿ ಪರೀಕ್ಷಿಸಿ, ಎಳೆಯ ಚಿಗುರಿನ ಮೇಲೆ ಒಂದೊಂದೇ ತತ್ತಿಯನ್ನಿಡುವುದು. ಮರಿಯು ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ಶತ್ರುಗಳ ಕಣ್ಣಿಗೆ ಬೀಳದು. ಬಲಿತ ಮೇಲೆ ಎಲೆಯಂತೆಯೇ ಹಸುರಾಗುವುದು. ಕೆಣಕಿದರೆ ತಲೆಯ ಹಿಂದಿನಿಂದ ಕವಲಾದ ಕೋಡನ್ನು ಹೊರಚಾಚಿ ವಾಸನೆ ಬೀರುವುದು. ಕೆಲವೇ ವಾರಗಳಲ್ಲಿ ರೆಕ್ಕೆ ಮೂಡಿಸಿಕೊಂಡು ಹಾರಿಹೋಗುವುದು. ಮರವು ಮತ್ತೆ ಚಿಗುರುವುದು. ಅಷ್ಟರಲ್ಲಿಯೇ ಗುಬ್ಬಿಯಂಥ ಹಕ್ಕಿಗಳು ಹುಳುಹುಪ್ಪಟೆಗಳನ್ನು ಹಿಡಿದೊಯ್ದು ಮರಿಗಳನ್ನು ಸಾಕುತ್ತಿರುತ್ತವೆ. ದೊಡ್ಡ ಗುಬ್ಬಿಗೆ ಕಾಳು ಸಾಕು, ಗೂಡಿನೊಳಗಿನ ಮರಿಗೆ ಹುಳುವೇ ಬೇಕು. ಆದುದರಿಂದ ವಿಷವು ಹುಳುವಿಗೆ ಮಾತ್ರ ತಟ್ಟಿತೆಂದು ತಿಳಿಯಲಾಗದು.

ಇನ್ನು ಎಕ್ಕ. ಹಾಳುನೆಲದಲ್ಲಿ ನೀರೆರೆಯುವವರಿಲ್ಲದೆ ಬೆಳೆಯುವ ಈ ಗಿಡವನ್ನು ದನವೂ ಸಾಮಾನ್ಯವಾಗಿ ಮುಟ್ಟದು. ಇದರ ಹಾಲು ವಿಷವುಳ್ಳುದು. ಕಣ್ಣಿಗೆ ಸಿಡಿದರೆ ಅಪಾಯವುಂಟು, ಮಕ್ಕಳಿಗೆ ಎಚ್ಚರಿಕೆ ಹೇಳತಕ್ಕದ್ದು. ಆದರೂ ಕಿತ್ತಳೆ ಬಣ್ಣದ ರೆಕ್ಕೆಗೆ ಕಪ್ಪು ಅಂಚುಳ್ಳ ಒಂದು ಚಿಟ್ಟೆಯ ಮರಿಗೆ ಇದರ ಎಲೆಯೇ ಅನ್ನ. ಆ ಕಹಿಯುಂಡು ಬೆಳೆದ ಚಿಟ್ಟೆಯನ್ನು ಹಕ್ಕಿಗಳು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಮರವನ್ನು ಕೊರೆದು ಗೂಡುಮಾಡುವ ಕರಿಯ ದುಂಬಿಯು ಎಕ್ಕದ ಹೂವಿನಿಂದ ಹೂವಿಗೆ ಹೋಗುವುದರಿಂದಲೇ ಅದು ಕಾಯಿ ಕಟ್ಟುವುದು. ದಾರಿಯ ಬದಿಯ ಎಕ್ಕವನ್ನೆಲ್ಲ ಕಳೆಯೆಂದು ಕಡಿದುಹಾಕಿದಲ್ಲಿ ಈ ಎರಡು ಜೀವಗಳಿಗೂ ಉಪವಾಸವೇ ಗತಿ.

ತುಂಬೆಯಾದರೋ ಗೇಣುದ್ದದ ಗಿಡ. ಮಳೆಯಾದ ಮೇಲೆ ಹೊಲದ ಬದುಗಳಲ್ಲಿ ತಾನಾಗಿ ಹುಟ್ಟಿ, ಬಿಳಿಯ ಹೂ ಬಿಟ್ಟು, ಜೇನಿಗೂ ಚಿಟ್ಟೆಗೂ ಮಕರಂದವನ್ನು ಕೊಡುವುದು. ಇಂದು ಎಷ್ಟೋ ಬದುಗಳಲ್ಲಿ ಇದರ ಜಾಗವನ್ನು ಕಾಂಗ್ರೆಸ್ ಹುಲ್ಲೆಂದು ಜನರು ಕರೆಯುವ ಪಾರ್ಥೇನಿಯಂ ಆಕ್ರಮಿಸಿದೆ. ಅಮೆರಿಕಾ ಖಂಡದ ಈ ಕಳೆಯು 1955ರ ಸುಮಾರಿಗೆ ಪುಣೆಯ ಬಳಿ ಕಣ್ಣಿಗೆ ಬಿದ್ದು, ಆಮೇಲೆ ದೇಶವೆಲ್ಲ ಹಬ್ಬಿತು. ಮುಟ್ಟಿದ ಹಲವರಿಗೆ ಚರ್ಮರೋಗವನ್ನು ತರುವುದು. 19ನೆಯ ಶತಮಾನದ ಆರಂಭದಲ್ಲಿ ತೋಟದ ಅಲಂಕಾರಕ್ಕೆಂದು ಈ ದೇಶಕ್ಕೆ ತಂದ ಲಂಟಾನವೂ ಹೀಗೆಯೇ ಕಾಡುಗಳನ್ನು ಹೊಕ್ಕಿತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕೋಲುಗಳಿಂದ ಕುರ್ಚಿ ಮೇಜುಗಳನ್ನು ಹೆಣೆದು, ಉಪದ್ರವವನ್ನೇ ಉಪಜೀವನಕ್ಕೆ ತಿರುಗಿಸಿಕೊಂಡಿರುವುದು ಸ್ತುತ್ಯವಾದ ಕಾರ್ಯ.

ಹಾಗೆಂದು ಹೊರಗಿನಿಂದ ಬಂದುದೆಲ್ಲವೂ ತ್ಯಾಜ್ಯವೆಂದು ನಾನು ಹೇಳುವವನಲ್ಲ. ಚೆಂಡುಹೂವೂ ದೇವಕಣಗಿಲೆಯೂ ಅಮೆರಿಕಾ ಖಂಡದವೇ. ಅವು ತಮ್ಮ ಪಾತಿಯಲ್ಲಿ ಇರುತ್ತವೆ, ನೆರೆಯವರನ್ನು ತಳ್ಳುವುದಿಲ್ಲ. ಅತಿಥಿಗೂ ಆಕ್ರಮಣಕಾರನಿಗೂ ಇರುವ ಭೇದವನ್ನು ಅರಿತರೆ ಸಾಕು.

ಈಗ ವಿಜ್ಞಾಪನೆ. ಉತ್ಸವಕಾಲದಲ್ಲಿ ಬಿಲ್ವದ ಕೊಂಬೆಗಳನ್ನೇ ಮುರಿದು ತರುವುದನ್ನು ನಾನು ಕಂಡಿದ್ದೇನೆ. ಒಂದು ಪತ್ರೆಗಾಗಿ ನೂರು ಚಿಗುರು ಹಾಳಾಗುವುದು. ಪತ್ರೆಯನ್ನು ಬೆರಳಿನಿಂದ ಬಿಡಿಸಿಕೊಂಡು ಕೊಂಬೆಯನ್ನು ಉಳಿಸತಕ್ಕದ್ದು. ಮಠದ ಹಿತ್ತಲಲ್ಲಿಯೂ ಪ್ರತಿ ಭಕ್ತನ ಹೊಲದ ಅಂಚಿನಲ್ಲಿಯೂ ಒಂದೊಂದು ಪತ್ರೆಯ ವನವಾಗಲಿ. ಮಾಗಿದ ಹಣ್ಣಿನ ಬೀಜವನ್ನು ಅಂಟು ಹೋಗುವಂತೆ ತೊಳೆದು, ಹಳತಾಗಲು ಬಿಡದೆ ಕೂಡಲೆ ಬಿತ್ತಬೇಕು. ಬಿಲ್ವದ ತಾಯಿಬೇರು ಆಳಕ್ಕಿಳಿಯುವುದರಿಂದ ಸಸಿಯನ್ನು ಬೇರು ಕೆಡದಂತೆ ಮಣ್ಣಿನ ಹೆಂಟೆಯೊಡನೆಯೇ ಮುಂಗಾರಿನಲ್ಲಿ ನೆಡತಕ್ಕದ್ದು. ನೀರು ನಿಲ್ಲುವ ನೆಲ ಸಲ್ಲದು. ಬೆಳವಣಿಗೆ ನಿಧಾನ, ಹಣ್ಣಿಗೆ ಹಲವು ವರ್ಷ ಕಾಯಬೇಕು. ತುಂಬೆಗೆ ಬಿತ್ತನೆಯ ಶ್ರಮವಿಲ್ಲ. ಬೀಜವುದುರುವ ತನಕ ಒಂದು ಮೂಲೆಯನ್ನು ಕೆತ್ತದೆ ಬಿಟ್ಟರಾಯಿತು. ಬೇಲಿಗೆ ಈಶ್ವರಿ ಬಳ್ಳಿಯನ್ನು ಹಬ್ಬಿಸಿದರೆ ಕೆಂಪು ಮೈಯ ಕರಿಯ ಚಿಟ್ಟೆಗಳು ತಾವಾಗಿಯೇ ಬರುವುವು. ಮಲೆನಾಡಿನಲ್ಲಿ ಈ ಬಳ್ಳಿಯ ಕುಲವನ್ನೇ ಆಶ್ರಯಿಸಿ ಬೆಳೆಯುವ ಹಳದಿ ರೆಕ್ಕೆಯ ದೊಡ್ಡ ಚಿಟ್ಟೆಯು ಕರ್ನಾಟಕದ ರಾಜ್ಯಚಿಟ್ಟೆಯೆಂಬ ಗೌರವವನ್ನು ಪಡೆದಿದೆ.

ಈ ವನಗಳಲ್ಲಿ ವಿಷವನ್ನು ಮಾತ್ರ ಹಾಕಬೇಡಿರೆಂದು ಕೈಮುಗಿದು ಬೇಡುತ್ತೇನೆ. ನನ್ನ ಹಿತ್ತಲಿನ ಬಿಲ್ವವು ಈಗ ಮನೆಯ ಮಾಳಿಗೆಯನ್ನು ಮುಟ್ಟಿದೆ. ಹುಳುವು ಈಗಲೂ ಬರುತ್ತದೆ, ತಿನ್ನುತ್ತದೆ. ಅದು ಉಂಡು ಬಿಟ್ಟುದರಲ್ಲಿ ನನಗೆ ಬೇಕಾದಷ್ಟು ಪತ್ರೆ ದೊರೆಯುತ್ತಿದೆ. ಒಂದು ದಿನವೂ ಕೊರತೆಯಾದುದಿಲ್ಲ. ಅರೆ ತಿಂದ ದಳವು ಕೈಗೆ ಬಂದಾಗ, ನನಗಿಂತ ಮೊದಲು ಒಂದು ಜೀವವು ಪ್ರಸಾದ ಪಡೆಯಿತೆಂದು ಭಾವಿಸುತ್ತೇನೆ.