ಹೆಸರು ಹಿಡಿದು ವಿಚಾರಿಸುವವರು ಯಾರು?

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಶಾಲೆಯು ಪಾಠ ಹೇಳುವ ಸ್ಥಳವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಪಾಠ ಕೇಳಲು ಬಂದು ಕುಳಿತ ಮಗುವು ಉಂಡು ಬಂದಿದೆಯೆ, ರಾತ್ರಿ ನಿದ್ದೆ ಮಾಡಿದೆಯೆ, ಯಾರಿಗಾದರೂ ಅಂಜಿ ನಡುಗುತ್ತಿದೆಯೆ ಎಂಬುದನ್ನು ವಿಚಾರಿಸುವ ಹೊಣೆ ಯಾರದು? ಹೀಗೆ ಕೇಳಿದರೆ 'ಎಲ್ಲರದೂ' ಎಂಬ ಉತ್ತರವು ಕೂಡಲೆ ಬರುವದು. ಎಲ್ಲರ ಹೊಣೆಯು ಕೊನೆಗೆ ಯಾರ ಹೊಣೆಯೂ ಆಗದೆ ಉಳಿಯುವದು ಲೋಕರೂಢಿ. ಆದುದರಿಂದ ನಾವು ಇಂದು ತಮ್ಮ ಮುಂದಿಡುವ ಮಾತು ಒಂದೇ: ಶಾಲೆಯ ಪ್ರತಿಯೊಂದು ಮಗುವಿನ ಯೋಗಕ್ಷೇಮಕ್ಕೆ, ಅದರ ಹೆಸರು ಹಿಡಿದು ಉತ್ತರ ಹೇಳುವ ಒಬ್ಬ ಶಿಕ್ಷಕರು ಇರಲೇಬೇಕು.

ಮಕ್ಕಳ ಪಾಲನೆಯ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆಗಳನ್ನು ತೆರೆದಾಗ, ಹಸಿವೆಯು ಅಕ್ಷರಕ್ಕೆ ಮೊದಲ ಶತ್ರುವೆಂದರಿತು ಮಧ್ಯಾಹ್ನದ ಊಟಕ್ಕೂ ಏರ್ಪಾಡು ಮಾಡಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು (1907–2019) ಸಹಸ್ರಾವಧಿ ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒಟ್ಟಿಗೆ ಕೊಟ್ಟರು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾದ ಅಕ್ಷರದಾಸೋಹವು ಮುಂದೆ ನಾಡಿಗೆಲ್ಲ ಹಬ್ಬಿತು. ಹೀಗೆ ಮಗುವಿನ ಹೊಟ್ಟೆಯ ಚಿಂತೆಯನ್ನು ನಾಡು ತಕ್ಕಮಟ್ಟಿಗೆ ವಹಿಸಿಕೊಂಡಿತು. ಅದರ ಮನಸ್ಸಿನ ಚಿಂತೆಯು ಮಾತ್ರ ಇನ್ನೂ ದಿಕ್ಕಿಲ್ಲದೆ ನಿಂತಿದೆ.

ಈ ಅನಾದರದ ಫಲವೇನು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ, 2022ನೆಯ ಒಂದೇ ವರ್ಷದಲ್ಲಿ ಭಾರತದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಇಂಥ ಸಾವಿಗೆ ಒಂದೇ ಕಾರಣವಿರುವದಿಲ್ಲ. ಪ್ರತಿಯೊಂದಕ್ಕೂ ಶಾಲೆಯೇ ಹೊಣೆಯೆಂದು ನಾವು ಹೇಳುವದಿಲ್ಲ. ಆದರೆ ದಿನದ ಬಹುಭಾಗವನ್ನು ಮಗುವು ನಮ್ಮ ಕಣ್ಣೆದುರಿಗೇ ಕಳೆಯುತ್ತಿರುವಾಗ, ನಮಗೇನೂ ತಿಳಿಯದೆಂದು ಕೈ ತೊಳೆದುಕೊಳ್ಳುವದು ಸಲ್ಲದು.

ಸಂಕಟವು ಬಹುಮಟ್ಟಿಗೆ ಮೊದಲೇ ಸೂಚನೆ ಕೊಡುವದು. ನಿತ್ಯ ಮಾತಾಡುತ್ತಿದ್ದ ಹುಡುಗಿ ಮೌನ ತಳೆಯುವಳು. ಗೆಳೆಯರೊಡನೆ ಉಣ್ಣುತ್ತಿದ್ದ ಹುಡುಗನು ದೂರ ಸರಿದು ಕೂಡುವನು. ಪರೀಕ್ಷೆಯ ದಿನವೇ ಹೊಟ್ಟೆನೋವು ಬರುವದು. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಮೇಲಿಂದ ಮೇಲೆ ಬೀಳುವದು. ನಾವು ಅದನ್ನು ತಿಂಗಳ ಕೊನೆಗೆ ಕೂಡಿಸಿ ಶೇಕಡಾ ಲೆಕ್ಕ ತೆಗೆಯುತ್ತೇವೆ. ಮೂರನೆಯ ದಿನವೇ ಆ ಮಗುವಿನ ಮನೆಯ ಬಾಗಿಲಿಗೆ ಹೋಗಿ ನಿಲ್ಲುವದು ಎಷ್ಟು ಜನ?

ವಸತಿಶಾಲೆಗಳಲ್ಲಂತೂ ಈ ಹೊಣೆ ಇಮ್ಮಡಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ವಸತಿಶಾಲೆಗಳಿಗೆ 6ನೆಯ ತರಗತಿಗೆಂದು ಬರುವ ಮಗುವಿಗೆ ಹತ್ತು-ಹನ್ನೊಂದರ ಪ್ರಾಯ. ತಾಂಡಾದಿಂದ ಬಂದ ಮಗುವಿಗೆ ಮನೆಯ ನುಡಿಯೂ ಬೇರೆ. ತಾಯಿಯ ನೆನಪಿನಿಂದ ರಾತ್ರಿ ಅಳುವ ಆ ಕೂಸಿಗೆ 'ಸುಮ್ಮನಿರು' ಎಂದು ಗದರಿಸುವವರಿಗಿಂತ, ಅದರ ನುಡಿಯಲ್ಲಿ ಎರಡು ಮಾತು ಕಲಿತು ಆಡಿಸುವವರು ದೊಡ್ಡ ಉಪಾಧ್ಯಾಯರು.

ಮಗುವಿನೊಡನೆ ಮಾತಾಡುವದಕ್ಕೂ ಒಂದು ಕ್ರಮವುಂಟು. ಇತರರ ಕಿವಿಗೆ ಬೀಳದಂತೆ, ಆದರೆ ಕಣ್ಣಿಗೆ ಮರೆಯಾಗದಂತೆ ಕುಳಿತು ವಿಚಾರಿಸಬೇಕು. ನೆರೆಯ ಹುಡುಗನೊಡನೆ ಹೋಲಿಸಬಾರದು. ಉಪದೇಶಕ್ಕೆ ಅವಸರ ಮಾಡಬಾರದು. 'ಯಾರಿಗೂ ಹೇಳುವದಿಲ್ಲ' ಎಂದು ಭಾಷೆ ಕೊಡಬಾರದು. ಮಗುವಿನ ಪ್ರಾಣಕ್ಕೆ ಮಾನಕ್ಕೆ ಅಪಾಯವಿದ್ದರೆ ಯಾರಿಗೆ ತಿಳಿಸಬೇಕಾಗುವದೆಂಬುದನ್ನು ಅದಕ್ಕೇ ಮೊದಲು ಹೇಳಬೇಕು. ಸಾಯುವ ವಿಚಾರ ಮನಸ್ಸಿನಲ್ಲಿ ಬಂದಿದೆಯೆ ಎಂದು ಶಾಂತವಾಗಿ ಕೇಳಲು ಅಂಜಬಾರದು. ಕೇಳಿದ ಮಾತ್ರಕ್ಕೆ ಆ ವಿಚಾರ ಹುಟ್ಟುವದಿಲ್ಲ, ಒಳಗಿನ ಭಾರವು ಹೊರಬೀಳಲು ದಾರಿಯಾಗುವದು. ಮಕ್ಕಳ ಸಹಾಯಕ್ಕಾಗಿ 1098, ಮನಸ್ಸಿನ ಬೇನೆಗಾಗಿ 14416 ಎಂಬ ದೂರವಾಣಿ ಸಂಖ್ಯೆಗಳು ಪ್ರತಿ ಶಾಲೆಯ ಗೋಡೆಯ ಮೇಲಿರಲಿ.

'ಛಡಿ ಬಿಟ್ಟರೆ ಶಿಸ್ತು ಉಳಿದೀತೆ?' ಎಂದು ಕೆಲವರು ಕೇಳುವರು. 2009ರ ಶಿಕ್ಷಣ ಹಕ್ಕಿನ ಕಾಯದೆಯ 17ನೆಯ ಕಲಮು ದೇಹದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯದೆಯ ಮಾತು ಹಾಗಿರಲಿ. ಏಟಿಗೆ ಅಂಜಿದ ಮಗುವು ತನ್ನ ಕಷ್ಟವನ್ನು ಅದೇ ಕೈಯವರ ಮುಂದೆ ಹೇಗೆ ತೋಡಿಕೊಂಡೀತು?

'ನಮಗೆ ವೇಳೆ ಎಲ್ಲಿದೆ?' ಎಂಬ ಆಕ್ಷೇಪವು ಮಾತ್ರ ನಿಜವಾದದ್ದು. ಜನಗಣತಿ, ಚುನಾವಣೆ, ತುಂಬಿ ಕಳಿಸಬೇಕಾದ ತಃಖ್ತೆಗಳು, ಇವುಗಳ ನಡುವೆ ಶಿಕ್ಷಕರು ಬಳಲಿದ್ದಾರೆ. ಈ ಭಾರವನ್ನು ಇಳಿಸುವದು ಸರಕಾರದ ಕರ್ತವ್ಯ. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಿ ಹೊಂದಿದ ಒಬ್ಬ ಆಪ್ತಸಲಹೆಗಾರರಾದರೂ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈಯಲ್ಲಿ ನಿರ್ದೇಶಿಸಿದೆ. ಅದನ್ನು ಜಾರಿಗೆ ತರುವಂತೆ ಪಾಲಕರೂ ಶಿಕ್ಷಕರೂ ಕೂಡಿಯೇ ಒತ್ತಾಯಿಸಬೇಕು. ಶಿಕ್ಷಕರು ವೈದ್ಯರಾಗಬೇಕೆಂದು ನಾವು ಕೇಳುತ್ತಿಲ್ಲ. ಕಾಣುವದು, ಕೇಳುವದು, ತಕ್ಕವರ ಕೈಗೆ ಒಪ್ಪಿಸುವದು ಇಷ್ಟು ಸಾಕು.

ಕೊನೆಗೆ, ಖರ್ಚಿಲ್ಲದ ಒಂದು ಕೆಲಸವನ್ನು ಸೂಚಿಸುವೆವು. ಬರುವ ಶನಿವಾರ ತಮ್ಮ ಶಾಲೆಯ ಎಲ್ಲ ಮಕ್ಕಳ ಹೆಸರನ್ನು ದೊಡ್ಡ ಕಾಗದದ ಮೇಲೆ ಬರೆದು ಶಿಕ್ಷಕರ ಕೋಣೆಯಲ್ಲಿ ತೂಗಹಾಕಿರಿ. ಯಾವ ಮಗುವಿನ ಮನೆಯ ಪರಿಸ್ಥಿತಿ ತಮಗೆ ತಿಳಿದಿದೆಯೋ, ಯಾವ ಮಗುವು ಕಷ್ಟ ಬಂದರೆ ತಮ್ಮ ಬಳಿಗೆ ಬಂದೀತೆಂದು ನಂಬುಗೆಯಿದೆಯೋ, ಆ ಹೆಸರಿನ ಮುಂದೆ ಪ್ರತಿಯೊಬ್ಬರೂ ಗುರುತು ಹಾಕಿರಿ. ಜಾಣರ, ತುಂಟರ ಹೆಸರಿನ ಮುಂದೆ ಅನೇಕ ಗುರುತುಗಳು ಬೀಳುವವು. ಕೆಲವು ಹೆಸರುಗಳ ಮುಂದೆ ಒಂದೂ ಬೀಳದು. ಮೊದಲು ಆ ಹೆಸರುಗಳನ್ನು ಹಂಚಿಕೊಳ್ಳಿರಿ. ಸೋಮವಾರ ಆ ಮಕ್ಕಳನ್ನು ಹೆಸರು ಹಿಡಿದು ಮಾತಾಡಿಸಿರಿ.