ಅಗಲಿದವರ ಹೆಸರುಗಳು, ನಮ್ಮ ಋಣ

(ಶತಮಾನೋತ್ಸವದ ಅಂಗವಾಗಿ ಸಿಂಗಸಂದ್ರದಲ್ಲಿ ಸೇರಿದ ಕುಟುಂಬಕೂಟದಲ್ಲಿ ಮಾಡಿದ ಭಾಷಣ)



ಶತಮಾನೋತ್ಸವವೆಂದರೆ ಕೃತಜ್ಞತೆಯ ಪರ್ವ. ದೇವಾಲಯ ಕಟ್ಟಲು ದುಡಿದವರನ್ನೂ ಜ್ಞಾನೋಪದೇಶ ಕಲಿಸಿದವರನ್ನೂ ನಮ್ಮ ನಡುವೆ ಬಾಳಿದ ಗುರುಗಳನ್ನೂ ಈ ದಿನಗಳಲ್ಲಿ ನೆನೆಯುತ್ತಿದ್ದೇವೆ. ಅದು ಯುಕ್ತವೇ ಸರಿ. ಆದರೆ ಈ ಸಂಭ್ರಮದ ನಡುವೆಯೂ ನಮ್ಮ ನಮ್ಮ ಮನೆಗಳಲ್ಲಿ ಬರಿದಾಗಿ ಉಳಿದ ಸ್ಥಳವೊಂದಿದೆ. ಸಾವು ಕಂಡ ಮನೆಯವರು ದೇವರಿಗೆ ಕೃತಜ್ಞತೆ ಸಲ್ಲಿಸುವುದು ಹೇಗೆ? ಈ ಪ್ರಶ್ನೆಯನ್ನು ಕುರಿತೇ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಲು ಬಯಸುತ್ತೇವೆ.

ಪರಮಪ್ರಸಾದಕ್ಕೆ ಗ್ರೀಕ್ ಭಾಷೆಯಲ್ಲಿರುವ ಹೆಸರಿನ ಅರ್ಥವೇ ಕೃತಜ್ಞತಾಸ್ತುತಿ. ಪ್ರಭು ಯೇಸು ಅದನ್ನು ಸ್ಥಾಪಿಸಿದ್ದು ಸುಖದ ದಿನದಲ್ಲಲ್ಲ. ಶತ್ರುಗಳ ಕೈಗೆ ಒಪ್ಪಿಸಲ್ಪಟ್ಟ ಆ ರಾತ್ರಿಯಲ್ಲಿ. ಸ್ನೇಹಿತನಾದ ಲಾಜರನ ಸಮಾಧಿಯ ಬಳಿ ಅವರು ಅತ್ತರೆಂಬುದನ್ನೂ ಸಂತ ಯೊವಾನ್ನರು ದಾಖಲಿಸಿದ್ದಾರೆ. ಆದುದರಿಂದ ಕಣ್ಣೀರು ವಿಶ್ವಾಸದ ಕೊರತೆಯಲ್ಲ, ಕೃತಜ್ಞತೆಯು ದುಃಖದ ಮರೆವೂ ಅಲ್ಲ. ಸಾವಿಗಾಗಿ ನಾವು ವಂದಿಸಬೇಕಾಗಿಲ್ಲ. ಸಾವು ಕೊಂಡೊಯ್ದ ಆ ವ್ಯಕ್ತಿಯನ್ನು ಮೊದಲು ನಮಗೆ ಕೊಟ್ಟವರನ್ನು ವಂದಿಸಬೇಕಾಗಿದೆ.

ಧರ್ಮಸಭೆ ತನ್ನ ಮೃತರನ್ನು ಎಂದೂ ಕೈಬಿಟ್ಟಿಲ್ಲ. ಸುಮಾರು ೯೯೮ರಲ್ಲಿ ಕ್ಲೂನಿ ಮಠದ ಅಧಿಪತಿ ಸಂತ ಓಡಿಲೋ ಅವರು ನವೆಂಬರ್ ೨ನೆಯ ದಿನವನ್ನು ಮೃತರ ಸ್ಮರಣೆಗೆ ಮೀಸಲಿಟ್ಟರು. ಮೊದಲನೆಯ ಮಹಾಯುದ್ಧ ಮನೆಮನೆಗೂ ಸಾವನ್ನು ತಂದಿದ್ದಾಗ, ೧೯೧೫ರಲ್ಲಿ, ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ಆ ದಿನ ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಲು ಅನುಮತಿಯಿತ್ತರು. ೨೦೨೦ರಲ್ಲಿ ಕೊರೋನಾ ವ್ಯಾಧಿಯ ಕಾರಣ ಸ್ಮಶಾನಗಳಲ್ಲಿ ಜನಸಂದಣಿ ಕೂಡದೆಂದು, ಮೃತರಿಗಾಗಿ ಪಡೆಯುವ ಪೂರ್ಣ ಪಾಪವಿಮೋಚನೆಯ ಅವಕಾಶವನ್ನು ಇಡೀ ನವೆಂಬರ್ ತಿಂಗಳಿಗೆ ವಿಸ್ತರಿಸಲಾಯಿತು. ದುಃಖ ಹಿರಿದಾದಾಗ ಸ್ಮರಣೆಯೂ ಹಿರಿದಾಯಿತು.

ನಮ್ಮ ನೆರೆಯ ಬೇಗೂರಿನ ನಾಗೇಶ್ವರ ದೇಗುಲದ ಆವರಣದಲ್ಲಿರುವ ಶಾಸನವನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಸುಮಾರು ಸಾವಿರದ ನೂರು ವರ್ಷಗಳ ಹಿಂದಿನ ಆ ಕಲ್ಲಿನಲ್ಲಿ ಬೆಂಗಳೂರು ಎಂಬ ಹೆಸರು ದೊರೆಯುತ್ತದೆಂದು ವಿದ್ವಾಂಸರು ಅದನ್ನು ಕೊಂಡಾಡುತ್ತಾರೆ. ಆದರೆ ಆ ಕಲ್ಲನ್ನು ಬರೆಸಿದವರ ಉದ್ದೇಶ ಊರಿನ ಹೆಸರನ್ನು ಉಳಿಸುವುದಾಗಿರಲಿಲ್ಲ. ಕಾಳಗದಲ್ಲಿ ಮಡಿದ ತಮ್ಮವರ ಹೆಸರನ್ನು ಉಳಿಸುವುದಾಗಿತ್ತು. ಈ ಮಹಾನಗರದ ಹೆಸರು ನಮಗೆ ಆ ಕಲ್ಲಿನಲ್ಲಿ ದೊರೆತದ್ದು ಒಂದು ಮನೆತನದ ದುಃಖದ ಮೂಲಕ.

ಇಲ್ಲಿ ನಮ್ಮ ಮನೆಯ ಮಾತನ್ನು ಹೇಳುವುದಕ್ಕೆ ಸಭೆಯ ಅನುಮತಿಯನ್ನು ಬೇಡುತ್ತೇವೆ. ನಮ್ಮ ತಾಯಿಯವರು ಪ್ರತಿ ಸಂಜೆ ಜಪಸರ ಮುಗಿದ ಮೇಲೆ ಮೃತರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ನಮ್ಮ ತಂದೆಯವರು, ಅಜ್ಜ, ಅಜ್ಜಿ, ಹಾಲು ಬಿಡುವ ಮೊದಲೇ ತೀರಿಕೊಂಡ ನಮ್ಮ ತಂಗಿ. ಆ ಬಳಿಕ ಹೆರಿಗೆ ಮಾಡಿಸಿದ ಸೂಲಗಿತ್ತಿ. ಮಳೆ ಹೋದ ವರ್ಷ ಕೇಳದೆಯೇ ರಾಗಿ ಅಳೆದು ಕೊಟ್ಟ ನೆರೆಮನೆಯ ಮುದುಕಿ. ಆಕೆ ನಮ್ಮ ಮತದವಳಲ್ಲ. ಆದರೂ ಆಕೆಯ ಹೆಸರು ಒಂದು ಸಂಜೆಯೂ ತಪ್ಪುತ್ತಿರಲಿಲ್ಲ. ನಮಗೆ ಕೃತಜ್ಞತೆಯ ಪಾಠವಾದದ್ದು ಹೀಗೆ, ಮೃತರ ಪ್ರಾರ್ಥನೆಯಲ್ಲಿಯೇ.

೨೦೨೧ರ ಮೇ ತಿಂಗಳಲ್ಲಿ ಆ ತಾಯಿಯೇ ನಮ್ಮನ್ನು ಅಗಲಿದರು. ವ್ಯಾಧಿಯ ಎರಡನೆಯ ಅಲೆ ನಗರವನ್ನು ನಡುಗಿಸುತ್ತಿದ್ದ ಕಾಲವದು. ಮಕ್ಕಳಾದ ನಾವು ಕೂಡ ವ್ಯಾಧಿಪೀಡಿತರಾಗಿ ಬಾಗಿಲು ಮುಚ್ಚಿ ಮಲಗಿದ್ದೆವು. ಅವರ ಮುಖ ನೋಡಲಾಗಲಿಲ್ಲ, ಹೆಗಲು ಕೊಡಲಾಗಲಿಲ್ಲ, ಹಿಡಿ ಮಣ್ಣು ಹಾಕಲಾಗಲಿಲ್ಲ. ಮೈತುಂಬ ರಕ್ಷಾಕವಚ ತೊಟ್ಟ ನಾಲ್ವರು ಯುವಕರು ಅವರನ್ನು ಹೊತ್ತು ಗುಣಿಗಿಳಿಸಿದರು. ಅವರ ಹೆಸರನ್ನಾಗಲಿ ಮತವನ್ನಾಗಲಿ ನಾವು ಇಂದಿಗೂ ಅರಿಯೆವು. ಆ ನೋವು ಆರಿದೆಯೆಂದು ಹೇಳಿದರೆ ಅದು ಸುಳ್ಳಾದೀತು. ಆದರೆ ನಮ್ಮ ಸಂಜೆಯ ಪ್ರಾರ್ಥನೆಯಲ್ಲಿ ತಾಯಿಯ ಹೆಸರಾದ ಕೂಡಲೇ ‘ಆ ನಾಲ್ವರು’ ಎಂದು ಸೇರಿಸುತ್ತೇವೆ. ಮಕ್ಕಳು ಮಾಡಬೇಕಾದುದನ್ನು ಮಾಡಿದವರು ಅವರು; ಬದುಕಿರುವ ಅವರಿಗಾಗಿ ದೇವರಲ್ಲಿ ಬೇಡುವುದೊಂದೇ ನಮಗೆ ಉಳಿದಿರುವ ದಾರಿ.

ಈಗ ನಮ್ಮೂರಿನ ಮಾತು. ಹೊಲಗದ್ದೆಗಳ ಊರಾಗಿದ್ದ ಸಿಂಗಸಂದ್ರದ ನೆರೆಯಲ್ಲಿ ೧೯೭೮ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ತಲೆಯೆತ್ತಿತು. ೨೦೧೦ರಲ್ಲಿ ಹೊಸೂರು ರಸ್ತೆಯ ಮೇಲೆ ಮೇಲ್ಸೇತುವೆ ಬಂದಿತು. ೨೦೨೫ರ ಆಗಸ್ಟ್‌ನಲ್ಲಿ ಮೆಟ್ರೋ ರೈಲು ನಮ್ಮೂರ ಹೆಸರಿನ ನಿಲ್ದಾಣದಲ್ಲಿಯೇ ನಿಂತಿತು. ಉದ್ಯೋಗವನ್ನರಸಿ ಇಲ್ಲಿಗೆ ಬಂದ ಕುಟುಂಬಗಳು ಅನೇಕ. ಅವರ ಹಿರಿಯರ ಸಮಾಧಿಗಳು ಕೋಲಾರದಲ್ಲೋ ಕರಾವಳಿಯಲ್ಲೋ ತಮಿಳುನಾಡು, ಕೇರಳಗಳಲ್ಲೋ ಉಳಿದಿವೆ. ನವೆಂಬರ್ ತಿಂಗಳಲ್ಲಿ ಮೊಂಬತ್ತಿ ಹಚ್ಚಲು ಅವರಿಗೆ ಇಲ್ಲಿ ಒಂದು ಸಮಾಧಿಯೂ ಇಲ್ಲ.

ಆದುದರಿಂದ ನಮ್ಮ ವಿನಂತಿ ಇಷ್ಟೇ. ಶತಮಾನೋತ್ಸವದ ನೆನಪಿಗಾಗಿ ನಮ್ಮ ದೇವಾಲಯದಲ್ಲಿ ಒಂದು ಹೆಸರುಗಳ ಪುಸ್ತಕವಿರಲಿ. ಪ್ರತಿಯೊಂದು ಕುಟುಂಬವೂ ತನ್ನ ಮೃತರ ಹೆಸರುಗಳನ್ನು, ಅವರು ಎಲ್ಲಿಯೇ ಮಲಗಿರಲಿ, ಅದರಲ್ಲಿ ಬರೆಯಲಿ. ಅವುಗಳ ಕೆಳಗೆ ತಮಗೆ ಕಷ್ಟದಲ್ಲಿ ಕೈಹಿಡಿದ ಒಬ್ಬರ ಹೆಸರನ್ನಾದರೂ ಸೇರಿಸಲಿ. ಹೆಸರು ತಿಳಿಯದಿದ್ದರೆ ಅವರು ಮಾಡಿದ ಉಪಕಾರವನ್ನು ಬರೆಯಲಿ. ನವೆಂಬರ್ ತಿಂಗಳಿಡೀ ಆ ಪುಸ್ತಕ ಪೀಠದ ಬಳಿಯಿರಲಿ. ಮುಂದಿನ ನೂರು ವರ್ಷಗಳ ಮಕ್ಕಳು ಅದನ್ನು ತೆರೆದಾಗ, ತಾವು ಯಾರ ಋಣದಲ್ಲಿ ಹುಟ್ಟಿದವರೆಂಬುದನ್ನು ತಿಳಿಯುವಂತಾಗಲಿ.

 ಪ್ರಭುವಿನ ಶಾಂತಿ ನಿಮ್ಮ ಮನೆಗಳಲ್ಲಿ ನೆಲೆಸಲಿ.